ಮಕ್ಕಳಲ್ಲಿ ಸ್ವಂತ ಓದಿನ ಒಲವು

(ಇಗರ್ಜಿಯ ಶತಮಾನೋತ್ಸವದ ಅಂಗವಾಗಿ ಜರುಗಿದ ಶಿಕ್ಷಕರ ಹಾಗೂ ಹೆತ್ತವರ ಸಭೆಯಲ್ಲಿ ಶಾಲೆಯ ಶಿಕ್ಷಕವೃಂದದ ಪರವಾಗಿ ಮಾಡಿದ ಭಾಷಣ)



ನಮ್ಮ ಇಗರ್ಜಿಯ ನೂರು ವರುಷಗಳ ಬಾಳುವೆಯನ್ನು ಸ್ಮರಿಸುವ ಈ ಶುಭ ಸಂದರ್ಭದಲ್ಲಿ ಶಾಲೆಯ ಕುರಿತು ನಾಲ್ಕು ಮಾತುಗಳನ್ನಾಡುವ ಅವಕಾಶ ಶಿಕ್ಷಕರಾದ ನಮಗೆ ದೊರೆತಿದೆ. ಇದಕ್ಕಾಗಿ ಶತಮಾನೋತ್ಸವ ಸಮಿತಿಗೆ ನಾವು ಕೃತಜ್ಞರು. ನಮ್ಮ ಕರಾವಳಿಯಲ್ಲಿ ಇಗರ್ಜಿ ಎದ್ದು ನಿಂತ ಕಡೆ ಅದರ ಮಗ್ಗುಲಲ್ಲೇ ಶಾಲೆಯೊಂದು ತಲೆಯೆತ್ತುವುದು ಬಹುಕಾಲದ ವಾಡಿಕೆ. ಗದ್ದೆಯ ಬದುವಿನಲ್ಲಿ ನಡೆದು ಬಂದ ಮಕ್ಕಳಿಗೆ ಅಕ್ಷರವನ್ನು ಕಲಿಸಿ, ಊರಿಗೆ ಓದುಬರಹ ಬಲ್ಲ ಮನೆಗಳನ್ನು ಕೊಟ್ಟದ್ದು ಇಂಥ ಶಾಲೆಗಳು. ಆ ಹಿರಿಯರ ಪರಿಶ್ರಮಕ್ಕೆ ನಾವು ತಲೆಬಾಗುತ್ತೇವೆ.

ಆದರೆ ಹಬ್ಬದ ದಿನ ಹಿಂದಣ ಸಾಧನೆಯನ್ನು ಹೊಗಳುವುದರೊಂದಿಗೆ ಮುಂದಣ ಕರ್ತವ್ಯವನ್ನು ನೆನೆಯುವುದೂ ಉಚಿತ. ಅಕ್ಷರ ಕಲಿತ ಮಗು ಆ ಅಕ್ಷರವನ್ನು ಏನು ಮಾಡುತ್ತಿದೆ? ಪಾಠಪುಸ್ತಕವನ್ನು ಮುಚ್ಚಿದ ಮೇಲೆ ತಾನಾಗಿ ಇನ್ನೊಂದು ಪುಸ್ತಕವನ್ನು ತೆರೆಯುತ್ತಿದೆಯೆ? ಈ ಪ್ರಶ್ನೆಯನ್ನು ತಮ್ಮೆಲ್ಲರ ಮುಂದಿಡುವುದೇ ಇಂದಿನ ಭಾಷಣದ ಉದ್ದೇಶ. ಪರೀಕ್ಷೆಯ ಭಯವಾಗಲಿ, ಹಿರಿಯರ ಒತ್ತಾಯವಾಗಲಿ ಇಲ್ಲದೆ, ಮಗು ತಾನೇ ಆರಿಸಿಕೊಂಡ ಪುಸ್ತಕವನ್ನು ತನ್ನಷ್ಟಕ್ಕೆ ಓದುವುದನ್ನು ನಾವಿಲ್ಲಿ ಸ್ವಂತ ಓದು ಎಂದು ಕರೆಯುತ್ತೇವೆ. ಅದರ ಒಲವನ್ನು ತರಗತಿಯಲ್ಲಿಯೇ ಬೆಳೆಸಬೇಕು, ಬೆಳೆಸಲು ಸಾಧ್ಯ ಎಂಬುದು ನಮ್ಮ ನಂಬಿಕೆ.

ಓದಲು ಬಲ್ಲವರು, ಓದುವವರು

ಮೊದಲು ದೇಶದ ಸ್ಥಿತಿಯನ್ನು ನೋಡೋಣ. ನಮ್ಮ ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ 'ಅಸರ್' ಎಂಬ ಸಮೀಕ್ಷೆಯೊಂದಿದೆ. ಎರಡನೆಯ ತರಗತಿಯ ಮಟ್ಟದ ಒಂದು ಸಣ್ಣ ಕಥೆಯನ್ನು ಮಗುವಿನ ಕೈಗೆ ಕೊಟ್ಟು ಓದಿಸುವುದು ಅದರ ಕ್ರಮ. ಐದನೆಯ ತರಗತಿಯಲ್ಲಿರುವ ಮಕ್ಕಳ ಪೈಕಿ ಈ ಕಥೆಯನ್ನು ಓದಬಲ್ಲವರು 2018ರಲ್ಲಿ ಶೇಕಡಾ 50.5 ಇದ್ದರು. ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದ್ದ ಕಾಲವು ಕಳೆದ ಮೇಲೆ, 2022ರಲ್ಲಿ, ಈ ಸಂಖ್ಯೆ 42.8ಕ್ಕೆ ಇಳಿಯಿತು. 2024ರಲ್ಲಿ 48.8ಕ್ಕೆ ಏರಿತು. ಏರಿದ್ದು ಸಂತೋಷವೇ ಸರಿ. ಆದರೂ ಐದು ವರುಷ ಶಾಲೆಗೆ ಬಂದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಎರಡನೆಯ ತರಗತಿಯ ಕಥೆಯನ್ನು ಓದಲಾರರು ಎಂಬುದು ನಿದ್ದೆಗೆಡಿಸುವ ಸಂಗತಿ. ಇನ್ನುಳಿದ ಅರ್ಧದಲ್ಲಿಯೂ ಎಷ್ಟು ಮಂದಿ ನಿಜವಾಗಿ ಓದುತ್ತಾರೆ ಎಂಬುದನ್ನು ಯಾವ ಸಮೀಕ್ಷೆಯೂ ಬೇಡ, ನಮ್ಮ ನಮ್ಮ ಮನೆಗಳೇ ಹೇಳುತ್ತವೆ.

ಕನ್ನಡದ ಮಗುವಿಗೆ ಓದಿನ ದಾರಿ ಆರಂಭದಲ್ಲಿ ಕಡಿದಾದುದು. ವರ್ಣಮಾಲೆಯ 49 ಅಕ್ಷರಗಳನ್ನು ಕಲಿತರೆ ಕೆಲಸ ಮುಗಿಯುವುದಿಲ್ಲ. ಕಾಗುಣಿತದಿಂದ ನೂರಾರು ರೂಪಗಳು ಹುಟ್ಟುತ್ತವೆ; ಅವುಗಳ ಮೇಲೆ ಒತ್ತಕ್ಷರಗಳು ಬರುತ್ತವೆ. ಇವುಗಳ ಆಕಾರವೆಲ್ಲ ಕಣ್ಣಿಗೆ ಪರಿಚಿತವಾಗಲು ಮೂರು ನಾಲ್ಕು ವರುಷಗಳು ಬೇಕಾಗುತ್ತವೆ. ಬರೆದಂತೆ ಓದುವ ಲಿಪಿ ನಮ್ಮದಾದುದರಿಂದ, ಒಮ್ಮೆ ಕೈವಶವಾಯಿತೆಂದರೆ ಯಾವ ಪದವನ್ನಾದರೂ ಉಚ್ಚರಿಸಬಹುದು. ಇಲ್ಲಿಯೇ ಒಂದು ಅಪಾಯವೂ ಇದೆ. ಇಡೀ ಪುಟವನ್ನು ತಡವರಿಸದೆ ಗಟ್ಟಿಯಾಗಿ ಓದಿದ ಮಗುವನ್ನು 'ಕಥೆಯಲ್ಲಿ ಏನಾಯಿತು?' ಎಂದು ಕೇಳಿದರೆ ಮುಖ ನೋಡುತ್ತದೆ. ಬಾಯಿ ಓದಿತು, ಮನಸ್ಸು ಓದಲಿಲ್ಲ. ಅಕ್ಷರವನ್ನು ಗುರುತಿಸುವ ಶ್ರಮ ಕಡಿಮೆಯಾದಷ್ಟೂ ಮನಸ್ಸು ಅರ್ಥದ ಕಡೆಗೆ ತಿರುಗುತ್ತದೆ. ಈ ಶ್ರಮ ಕಡಿಮೆಯಾಗುವುದು ಅಭ್ಯಾಸದಿಂದ. ವರುಷಕ್ಕೊಂದು ಪಾಠಪುಸ್ತಕದ ಇಪ್ಪತ್ತು ಪಾಠಗಳು ಆ ಅಭ್ಯಾಸಕ್ಕೆ ಏನೇನೂ ಸಾಲವು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಶೇಷವಿದೆ. ನಮ್ಮ ಮಕ್ಕಳು ಮನೆಯಲ್ಲಿ ಕೊಂಕಣಿಯನ್ನೋ ತುಳುವನ್ನೋ ಬ್ಯಾರಿಯನ್ನೋ ಮಾತನಾಡುತ್ತಾರೆ. ಕನ್ನಡವೇ ಮನೆಮಾತಾದವರಲ್ಲಿಯೂ ಮನೆಯ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವವರಿಗೆ ದೂರ ಇನ್ನೂ ಹೆಚ್ಚು. ಹೀಗಿರುವಾಗ ಗ್ರಂಥಭಾಷೆಯ ಪದಗಳು ಮಗುವಿನ ಕಿವಿಗೆ ಬೀಳುವುದು ಎಲ್ಲಿಂದ? ಅಂಗಳದಲ್ಲಿ ಆಡುವಾಗ ಅವು ಕೇಳಿಸವು. ಕಥೆಯೊಳಗೆ ಸಿಕ್ಕಿದ ಹೊಸ ಪದವು ಹತ್ತು ಕಡೆಗಳಲ್ಲಿ ಹತ್ತು ಬಗೆಯಾಗಿ ಎದುರಾದಾಗ, ನಿಘಂಟಿನ ನೆರವಿಲ್ಲದೆಯೇ ಅದು ಮಗುವಿನದಾಗುತ್ತದೆ. ಪದಸಂಪತ್ತಿನ ಹೆಚ್ಚಿನ ಪಾಲು ಹೀಗೆಯೇ ಕೂಡಿಬರುವಂಥದು.

ಉಳ್ಳವನಿಗೆ ಇನ್ನಷ್ಟು

ಸಂತ ಮತ್ತಾಯನ ಶುಭಸಂದೇಶದಲ್ಲಿ ಬರುವ ತಲಾಂತುಗಳ ಸಾಮತಿ ತಮಗೆಲ್ಲ ಚಿರಪರಿಚಿತ. ಉಳ್ಳವನಿಗೆ ಇನ್ನಷ್ಟು ದೊರೆಯುವುದು, ಇಲ್ಲದವನಿಂದ ಇದ್ದುದೂ ಹೋಗುವುದು ಎಂಬ ಕಠಿಣವಾದ ತೀರ್ಪು ಅದರ ಕೊನೆಯಲ್ಲಿದೆ. ವಿಜ್ಞಾನಿಗಳಿಗೆ ಸಲ್ಲುವ ಮನ್ನಣೆಯ ಕುರಿತು ಬರೆಯುತ್ತ ರಾಬರ್ಟ್ ಮೆರ್ಟನ್ ಎಂಬ ಸಮಾಜಶಾಸ್ತ್ರಜ್ಞರು 1968ರಲ್ಲಿ ಈ ಮಾತಿನಿಂದಲೇ 'ಮತ್ತಾಯ ಪರಿಣಾಮ' ಎಂಬ ಹೆಸರನ್ನು ಹುಟ್ಟಿಸಿದರು. ಕೀತ್ ಸ್ಟಾನೊವಿಚ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಅದೇ ಹೆಸರನ್ನು ಮಕ್ಕಳ ಓದಿಗೆ ಅನ್ವಯಿಸಿದರು.

ಅವರ ವಿಚಾರವನ್ನು ಸರಳವಾಗಿ ಹೀಗೆ ಹೇಳಬಹುದು. ಚೆನ್ನಾಗಿ ಓದಬಲ್ಲ ಮಗುವಿಗೆ ಓದು ಹಿತವೆನಿಸುತ್ತದೆ. ಹಿತವಾದುದರಿಂದ ಹೆಚ್ಚು ಓದುತ್ತದೆ. ಹೆಚ್ಚು ಓದಿದುದರಿಂದ ಪದಗಳೂ ತಿಳಿವಳಿಕೆಯೂ ಬೆಳೆದು, ಮುಂದಿನ ಓದು ಇನ್ನೂ ಸುಲಭವಾಗುತ್ತದೆ. ತಡವರಿಸುವ ಮಗುವಿಗೆ ಓದು ಕಷ್ಟ. ಕಷ್ಟವಾದುದರಿಂದ ಅದನ್ನು ತಪ್ಪಿಸಿಕೊಳ್ಳುತ್ತದೆ. ತಪ್ಪಿಸಿಕೊಂಡುದರಿಂದ ಇನ್ನೂ ಹಿಂದುಳಿಯುತ್ತದೆ. ಒಂದನೆಯ ತರಗತಿಯಲ್ಲಿ ಇಬ್ಬರ ನಡುವಣ ಅಂತರ ಒಂದು ಗೇಣು. ಏಳನೆಯ ತರಗತಿಗೆ ಬರುವಾಗ ಅದು ಹೊಳೆಯಷ್ಟು ಅಗಲವಾಗಿರುತ್ತದೆ. ಆಗ ಗಣಿತದ ಲೆಕ್ಕವೂ ವಿಜ್ಞಾನದ ಪಾಠವೂ ಸಮಾಜಶಾಸ್ತ್ರವೂ ಆ ಹೊಳೆಯ ಆಚೆ ಉಳಿಯುತ್ತವೆ, ಏಕೆಂದರೆ ಅವೆಲ್ಲವನ್ನೂ ಓದಿಯೇ ತಿಳಿಯಬೇಕಾಗಿದೆ.

ಪುಸ್ತಕಗಳಿರುವ ಮನೆಯ ಮಗುವಿಗೆ ಶಾಲೆ ಏನನ್ನೂ ಕೊಡದಿದ್ದರೂ ಮನೆ ಕೊಟ್ಟೀತು. ಹಂಚಿನ ಕಾರ್ಖಾನೆಗೋ ತೋಟದ ಕೂಲಿಗೋ ಮೀನಿನ ದಕ್ಕೆಗೋ ಹೋಗುವ ತಂದೆತಾಯಂದಿರ ಮನೆಯಲ್ಲಿ ಪುಸ್ತಕವೆಂಬುದು ಶಾಲಾ ಚೀಲದೊಳಗಿನದು ಮಾತ್ರ. ಆ ಮಗುವಿಗೆ ತರಗತಿಯಲ್ಲಿ ಓದಿನ ರುಚಿ ಹತ್ತದಿದ್ದರೆ ಬೇರೆಲ್ಲಿಯೂ ಹತ್ತಲಾರದು. ಆದುದರಿಂದ ಸ್ವಂತ ಓದು ಪಾಠಗಳೆಲ್ಲ ಮುಗಿದ ಮೇಲಿನ ವಿನೋದವೆಂದು ತಿಳಿಯಲಾಗದು. ಬಡವರ ಮಕ್ಕಳಿಗಾಗಿ ಕಟ್ಟಿದ ಶಾಲೆಗೆ ಅದು ನ್ಯಾಯದ ಪ್ರಶ್ನೆ.

ಬೀಗ ಹಾಕಿದ ಕಪಾಟು

ಬಹುತೇಕ ಶಾಲೆಗಳಲ್ಲಿ ಪುಸ್ತಕಗಳೇ ಇಲ್ಲವೆಂದಿಲ್ಲ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಇದ್ದೇ ಇರುತ್ತದೆ. ಅದರೊಳಗೆ ದಾನಿಗಳು ಕೊಟ್ಟವು, ಸರಕಾರ ಕಳುಹಿಸಿದವು, ಬಹುಮಾನಕ್ಕೆಂದು ತಂದು ಉಳಿದವು ಹೀಗೆ ನೂರಿನ್ನೂರು ಪುಸ್ತಕಗಳು ಸಾಲಾಗಿ ನಿಂತಿರುತ್ತವೆ. ಕಪಾಟಿಗೆ ಬೀಗ, ಬೀಗದ ಕೈ ಮೇಜಿನ ಸೆಳೆಖಾನೆಯಲ್ಲಿ. ತೆರೆದರೆ ಪುಸ್ತಕ ಕಳೆದುಹೋದೀತು, ಹರಿದೀತು. ತಪಾಸಣೆಯ ದಿನ ಲೆಕ್ಕ ಒಪ್ಪಿಸಬೇಕಾದವರು ಯಾರು? ಈ ಭಯಕ್ಕೆ ಕಾರಣವಿದೆ, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಸಾಮತಿಯ ಮೂರನೆಯ ಸೇವಕನನ್ನು ಇಲ್ಲಿ ನೆನೆಯಬೇಕು. ಅವನು ಒಡೆಯನ ಹಣವನ್ನು ಕದಿಯಲಿಲ್ಲ, ದುಂದು ಮಾಡಲಿಲ್ಲ. ಭಯಪಟ್ಟು ನೆಲದಲ್ಲಿ ಹೂತಿಟ್ಟನು, ಲೆಕ್ಕಕ್ಕೆ ಸರಿಯಾಗಿ ಹಿಂದೆ ಕೊಟ್ಟನು. ಅಷ್ಟರಿಂದಲೇ ಅವನು ಖಂಡನೆಗೆ ಗುರಿಯಾದನು. ಬೀಗದೊಳಗೆ ಹೊಸದಾಗಿಯೇ ಉಳಿದ ಪುಸ್ತಕ ನೆಲದಲ್ಲಿ ಹೂತ ತಲಾಂತಲ್ಲದೆ ಮತ್ತೇನು?

ಈ ಮಾತನ್ನು ಗ್ರಂಥಾಲಯಶಾಸ್ತ್ರದ ಪಿತಾಮಹರೇ ನಮಗೆ ಹೇಳಿಕೊಟ್ಟಿದ್ದಾರೆ. ಡಾ. ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ವೃತ್ತಿಯನ್ನು ಆರಂಭಿಸಿದವರು ಎಂಬುದು ನಮ್ಮ ಜಿಲ್ಲೆಗೆ ಅಭಿಮಾನದ ವಿಷಯ. 1924ರಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಗ್ರಂಥಗಳಿರುವುದು ಕಾಪಿಡಲಿಕ್ಕಲ್ಲ, ಬಳಸಲಿಕ್ಕೆ ಎಂಬುದು ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ. ಪ್ರತಿಯೊಬ್ಬ ಓದುಗನಿಗೂ ತಕ್ಕ ಪುಸ್ತಕವಿದೆ, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗನಿದ್ದಾನೆ ಎಂಬ ಆಶಯ ಮುಂದಿನ ಎರಡು ಸೂತ್ರಗಳದು. ಓದುಗನು ಕಪಾಟಿನ ಬಳಿಗೆ ತಾನೇ ಹೋಗಿ ಪುಸ್ತಕವನ್ನು ಮುಟ್ಟಿ, ತಿರುವಿ, ಆರಿಸಿಕೊಳ್ಳುವಂತಿರಬೇಕು ಎಂದು ಅವರು ಸಾಧಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಅವರು ಕಾಲವಾದರು. ಅವರ ಮೊದಲನೆಯ ಸೂತ್ರವನ್ನು ಪಾಲಿಸಲು ಒಂದು ರೂಪಾಯಿಯ ಖರ್ಚೂ ಇಲ್ಲ; ಬೀಗವನ್ನು ತೆಗೆದರೆ ಸಾಕು.

ಕೈಗೆಟಕುವಲ್ಲಿ ಯಾವ ಪುಸ್ತಕವಿದೆ ಎಂಬುದರಿಂದ ಬಾಳಿನ ದಿಕ್ಕೇ ಬದಲಾದೀತು ಎಂಬುದಕ್ಕೆ ನಮಗೆಲ್ಲ ತಿಳಿದ ಒಂದು ನಿದರ್ಶನವಿದೆ. 1521ರ ಮೇ ತಿಂಗಳಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿಯ ಗುಂಡಿನಿಂದ ಕಾಲು ಮುರಿದುಕೊಂಡ ಇಗ್ನೇಷಿಯಸ್ ಎಂಬ ಯೋಧನು ಲೊಯೋಲದ ಮನೆಯಲ್ಲಿ ಹಾಸಿಗೆ ಹಿಡಿದನು. ಹೊತ್ತು ಕಳೆಯಲು ಅವನು ಕೇಳಿದ್ದು ವೀರರ ಸಾಹಸಗಳ ಕಥೆಗಳನ್ನು. ಆ ಮನೆಯಲ್ಲಿ ಅಂಥವು ಇರಲಿಲ್ಲ. ಇದ್ದವು ಕ್ರಿಸ್ತನ ಚರಿತ್ರೆಯೂ ಸಂತರ ಚರಿತ್ರೆಯೂ ಮಾತ್ರ. ಅವನ್ನೇ ಓದಿದನು, ಓದುತ್ತ ತನ್ನ ಮನಸ್ಸಿನಲ್ಲಿ ಏನಾಗುತ್ತಿದೆಯೆಂದು ತಾನೇ ಗಮನಿಸಿದನು. ಯಾರೂ ಅವನಿಗೆ ಪ್ರಶ್ನೆಪತ್ರಿಕೆಯನ್ನು ಕೊಡಲಿಲ್ಲ. ಸ್ವಂತ ಓದಿನ ಸ್ವರೂಪವೇ ಇದು: ಕಣ್ಣು ಪುಟದ ಮೇಲಿದ್ದರೂ ಕೆಲಸ ನಡೆಯುವುದು ಓದುವವನ ಅಂತರಂಗದಲ್ಲಿ.

ತರಗತಿಯಲ್ಲಿ ಮಾಡಬಹುದಾದುದು

ಇನ್ನು ಕಾರ್ಯರೂಪದ ಮಾತಿಗೆ ಬರೋಣ. ನಮ್ಮ ದೃಷ್ಟಿಯಲ್ಲಿ ಐದು ಸಂಗತಿಗಳು ಮುಖ್ಯ.

ಮೊದಲನೆಯದು ಹೊತ್ತು. ದಿನಕ್ಕೆ ಇಪ್ಪತ್ತು ನಿಮಿಷ ಇಡೀ ತರಗತಿ ಮೌನವಾಗಿ ತಂತಮ್ಮ ಪುಸ್ತಕವನ್ನು ಓದಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಐದನೆಯ ತರಗತಿಯವರೆಗೆ ವರುಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ದಿನಕ್ಕೆ 20 ನಿಮಿಷವೆಂದರೆ ವರುಷಕ್ಕೆ 4,000 ನಿಮಿಷ, ಅಂದರೆ 66 ಗಂಟೆಗೂ ಮಿಕ್ಕಿ ಓದು. ಪಾಠಗಳು ಮುಗಿಯುವುದಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಓದು ಬಾರದ ಮಗುವಿಗೆ ಪಾಠವನ್ನು ಮುಗಿಸಿದರೂ ಮುಗಿಸದಿದ್ದರೂ ಒಂದೇ ಎಂದು ನಾವು ವಿನಯದಿಂದ ಉತ್ತರಿಸುತ್ತೇವೆ.

ಮೌನದ ಓದು ಹೊಸ ಆವಿಷ್ಕಾರವೇನಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಮಿಲಾನಿನ ಬಿಷಪರಾದ ಸಂತ ಆಂಬ್ರೋಸರು ತುಟಿಯನ್ನು ಅಲುಗಿಸದೆ ಬರಿಗಣ್ಣಿನಲ್ಲಿ ಓದುತ್ತಿದ್ದುದನ್ನು ಸಂತ ಅಗಸ್ಟಿನರು ಕಂಡು ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯ 48ನೆಯ ಅಧ್ಯಾಯದಲ್ಲಿ ಓದಿಗೆ ದಿನದ ಇಂತಿಷ್ಟು ಹೊತ್ತು ಮೀಸಲಾಗಿದೆ. ತಪಸ್ಸು ಕಾಲದಲ್ಲಿ ಪ್ರತಿಯೊಬ್ಬ ಸನ್ಯಾಸಿಗೂ ಒಂದೊಂದು ಪುಸ್ತಕವನ್ನು ಕೊಡಬೇಕು, ಅದನ್ನು ಅವನು ಮೊದಲಿನಿಂದ ಕೊನೆಯವರೆಗೆ ಓದಬೇಕು ಎಂದಿದೆ. ಯಾರಾದರೂ ಓದದೆ ಹರಟೆಯಲ್ಲಿದ್ದಾರೋ ಎಂದು ನೋಡಲು ಒಬ್ಬಿಬ್ಬರು ಹಿರಿಯರು ಸುತ್ತು ಹಾಕಬೇಕೆಂದೂ ಇದೆ! ದೊಡ್ಡವರಾದ ಸನ್ಯಾಸಿಗಳಿಗೇ ಇಷ್ಟು ಏರ್ಪಾಡು ಬೇಕಾಗಿದ್ದರೆ, ಒಂಬತ್ತು ವಯಸ್ಸಿನ ಮಕ್ಕಳು ಮೊದಲ ವಾರದಲ್ಲಿ ಪಕ್ಕದವನನ್ನು ಚಿವುಟಿದರೆ ನಾವು ನಿರಾಶರಾಗಬೇಕಾಗಿಲ್ಲ.

ಎರಡನೆಯದು ಆಯ್ಕೆ. ಪುಸ್ತಕವನ್ನು ಮಗುವೇ ಆರಿಸಬೇಕು. ಸೇರದಿದ್ದರೆ ಅರ್ಧದಲ್ಲಿ ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳುವ ಸ್ವಾತಂತ್ರ್ಯವಿರಬೇಕು. ಮೆಚ್ಚಿದ್ದನ್ನು ನಾಲ್ಕು ಸಲ ಓದಿದರೂ ಅಡ್ಡಿ ಮಾಡಬಾರದು. ಫ್ರಾನ್ಸಿನ ಶಿಕ್ಷಕರೂ ಕಾದಂಬರಿಕಾರರೂ ಆದ ದಾನಿಯೆಲ್ ಪೆನಾಕ್ ಎಂಬವರು 1992ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಪುಟ ಹಾರಿಸುವ ಹಕ್ಕು, ಕೊನೆ ಮುಟ್ಟಿಸದಿರುವ ಹಕ್ಕು, ಮತ್ತೆ ಓದುವ ಹಕ್ಕು ಅದರಲ್ಲಿವೆ. ದೊಡ್ಡವರಾದ ನಾವು ದಿನಪತ್ರಿಕೆಯನ್ನು ಓದುವಾಗ ಈ ಹಕ್ಕುಗಳನ್ನೆಲ್ಲ ಚಲಾಯಿಸುತ್ತೇವೆ. ಮಗುವಿಗೆ ಮಾತ್ರ ನಿರಾಕರಿಸುತ್ತೇವೆ. ಚಿತ್ರಕಥೆಗಳನ್ನೇ ಓದುತ್ತಾನಲ್ಲ ಎಂದು ಕೊರಗುವ ಹೆತ್ತವರಿದ್ದಾರೆ. ಓದಲಿ ಬಿಡಿ. 1949ರಲ್ಲಿ ಕನ್ನಡದಲ್ಲಿ ಆರಂಭವಾಗಿ ಈಗ ನಿಂತುಹೋಗಿರುವ 'ಚಂದಮಾಮ'ದ ಚಿತ್ರಗಳನ್ನು ನೋಡುತ್ತಲೇ ಓದಿನ ಮೆಟ್ಟಿಲನ್ನು ಹತ್ತಿದವರು ಈ ಸಭೆಯಲ್ಲಿಯೇ ಅನೇಕರಿರಬಹುದು.

ಆರಿಸಲು ಪುಸ್ತಕಗಳು ಬೇಕಷ್ಟೆ. ಕನ್ನಡದಲ್ಲಿ ಮಕ್ಕಳ ಪುಸ್ತಕಗಳಿಗೆ ಬಡತನವಿಲ್ಲ. ಶಾಲಾ ತನಿಖಾಧಿಕಾರಿಯಾಗಿದ್ದ ನಮ್ಮ ಪಂಜೆ ಮಂಗೇಶರಾಯರು (1874–1937) ಮಕ್ಕಳ ನಾಲಗೆಗೆ ಒಗ್ಗುವ ಕಥೆ ಪದ್ಯಗಳನ್ನು ಬರೆದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲದ ಮೂಲಕ ಮಕ್ಕಳಿಗಾಗಿ ಪುಸ್ತಕಗಳನ್ನು ಹೊರತಂದರು. ಡಾ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಕೊಟ್ಟರು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಕಡಿಮೆ ಬೆಲೆಯ ಸಚಿತ್ರ ಪುಸ್ತಕಗಳನ್ನು ಕನ್ನಡದಲ್ಲಿಯೂ ತಂದಿದೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಓದಿನ ಮಟ್ಟಕ್ಕನುಗುಣವಾಗಿ ವಿಂಗಡಿಸಿದ ಪುಟ್ಟ ಪುಸ್ತಕಗಳನ್ನು ಪ್ರಕಟಿಸುತ್ತಿದೆ. ಒಂದು ಮಾತು ನೆನಪಿರಲಿ. ನಲವತ್ತು ಮಕ್ಕಳ ತರಗತಿಗೆ ಒಂದೇ ಪುಸ್ತಕದ ನಲವತ್ತು ಪ್ರತಿಗಳಿಗಿಂತ ನಲವತ್ತು ಬೇರೆ ಬೇರೆ ಪುಸ್ತಕಗಳು ಲೇಸು.

ಮೂರನೆಯದು ಶಿಕ್ಷಕರ ಪಾತ್ರ. ಪುಸ್ತಕವನ್ನು ಕೊಟ್ಟು ಮಕ್ಕಳನ್ನು ಕುಳ್ಳಿರಿಸಿ ನಾವು ಹಾಜರಿ ಪುಸ್ತಕವನ್ನು ತುಂಬುತ್ತ ಕುಳಿತರೆ ಫಲವಿಲ್ಲ. ಅಮೆರಿಕದಲ್ಲಿ ಓದಿನ ಬೋಧನೆಯ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿದ ರಾಷ್ಟ್ರೀಯ ಸಮಿತಿಯೊಂದು 2000ದಲ್ಲಿ ತನ್ನ ವರದಿಯನ್ನು ನೀಡಿತು. ಶಿಕ್ಷಕರ ಮಾರ್ಗದರ್ಶನವಿಲ್ಲದ ಮೌನ ಓದೊಂದರಿಂದಲೇ ಓದಿನ ಸರಾಗತೆ ಬೆಳೆಯುತ್ತದೆ ಎನ್ನಲು ತಕ್ಕಷ್ಟು ಆಧಾರವಿಲ್ಲವೆಂದೂ, ಶಿಕ್ಷಕರು ಆಲಿಸಿ ತಿದ್ದುವ ಗಟ್ಟಿ ಓದಿನಿಂದ ಪ್ರಯೋಜನವಿದೆಯೆಂದೂ ಅದು ತಿಳಿಸಿತು. ಇದರಿಂದ ನಾವು ಕಲಿಯಬೇಕಾದುದು ಇಷ್ಟು. ಮಗು ತನ್ನ ಶಕ್ತಿಗೆ ಮೀರಿದ ಪುಸ್ತಕವನ್ನು ಹಿಡಿದು ಪುಟ ಮಗುಚುತ್ತಿದೆಯೋ, ಓದುತ್ತಿದೆಯೋ ಎಂಬುದನ್ನು ಗಮನಿಸಬೇಕು. ಪುಟವೊಂದರಲ್ಲಿ ಐದಾರು ಪದಗಳಿಗಿಂತ ಹೆಚ್ಚು ಕಡೆ ಎಡವಿದರೆ ಸುಲಭವಾದುದನ್ನು ಮೆಲ್ಲನೆ ಸೂಚಿಸಬೇಕು. ದಿನಕ್ಕೆ ಮೂವರು ನಾಲ್ವರು ಮಕ್ಕಳ ಪಕ್ಕದಲ್ಲಿ ಕುಳಿತು ಅರ್ಧ ಪುಟವನ್ನು ಅವರಿಂದ ಓದಿಸಿ ಕೇಳಬೇಕು. ಅಕ್ಷರವೇ ಕೂಡದ ಮಗುವಿಗೆ ಅಕ್ಷರವನ್ನು ಕ್ರಮವಾಗಿ ಕಲಿಸುವುದನ್ನು ಬಿಡಬಾರದು. ಸ್ವಂತ ಓದು ಅಕ್ಷರಪಾಠದ ಬದಲಿಗೆ ಬರುವಂಥದಲ್ಲ, ಅದರ ಮೇಲೆ ನಿಲ್ಲುವಂಥದು.

ಉಳಿದ ಹೊತ್ತಿನಲ್ಲಿ ಶಿಕ್ಷಕರೂ ಒಂದು ಪುಸ್ತಕವನ್ನು ಹಿಡಿದು ಓದಬೇಕು. ಗುರುಗಳು ಓದುವುದನ್ನು ಎಂದೂ ಕಾಣದ ಮಕ್ಕಳಿಗೆ, ಓದೆಂಬುದು ಚಿಕ್ಕವರು ಪಡುವ ಶಿಕ್ಷೆ, ದೊಡ್ಡವರಾದ ಮೇಲೆ ಅದರಿಂದ ಬಿಡುಗಡೆ ಎಂಬ ಭಾವನೆ ಬಂದರೆ ಆಶ್ಚರ್ಯವೇನು?

ನಾಲ್ಕನೆಯದು ಓದಿ ಹೇಳುವುದು. ಕಿರಿಯ ತರಗತಿಗಳಲ್ಲಿ ದಿನವೂ ಒಂದು ಕಥೆಯನ್ನು ಶಿಕ್ಷಕರೇ ಪುಸ್ತಕವನ್ನು ಹಿಡಿದು, ಅಭಿನಯದೊಂದಿಗೆ ಓದಬೇಕು. ಪುಸ್ತಕದ ಕನ್ನಡದ ನಡೆ ಮಗುವಿನ ಕಿವಿಗೆ ಪರಿಚಯವಾಗುವುದು ಹೀಗೆ. ಕಥೆಯನ್ನು ಕುತೂಹಲದ ಕಟ್ಟದಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋದರೆ, ಗಂಟೆ ಬಾರಿಸಿದ ಮೇಲೆ ಅದರ ಸುತ್ತ ತಲೆಗಳು ಕೂಡುವುದನ್ನು ಯಾವ ಶಿಕ್ಷಕರೂ ನೋಡಬಹುದು.

ಐದನೆಯದು, ಪರೀಕ್ಷೆ ಮಾಡದಿರುವುದು. ಪುಸ್ತಕ ಮುಗಿದ ಕೂಡಲೇ ಸಾರಾಂಶವನ್ನು ಬರೆ, ನೀತಿಯನ್ನು ಹೇಳು, ಕಠಿಣ ಪದಗಳ ಪಟ್ಟಿಯನ್ನು ಮಾಡು ಎಂದರೆ ಮಗು ಮುಂದಿನ ಸಲ ಅತಿ ತೆಳ್ಳಗಿನ ಪುಸ್ತಕವನ್ನೇ ಹುಡುಕುತ್ತದೆ. ಅದಕ್ಕೆ ಬದಲಾಗಿ ಶನಿವಾರದ ಕೊನೆಯ ಅವಧಿಯಲ್ಲಿ ಮಾತುಕತೆ ನಡೆಯಲಿ. ಯಾರಿಗೆ ಯಾವ ಪುಸ್ತಕ ಮೆಚ್ಚಿಗೆಯಾಯಿತು, ಯಾವುದು ಬೇಸರ ತಂದಿತು ಎಂದು ಮಕ್ಕಳೇ ಹೇಳಲಿ. ಒಬ್ಬ ಗೆಳೆಯನ ಶಿಫಾರಸು ಹತ್ತು ಉಪದೇಶಗಳಿಗಿಂತ ಬೇಗ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತದೆ. ಪುಸ್ತಕ ಕೊಡುವ, ಹಿಂದೆ ಪಡೆಯುವ ಲೆಕ್ಕವನ್ನು ಸರದಿಯಂತೆ ಇಬ್ಬಿಬ್ಬರು ಮಕ್ಕಳೇ ಇಟ್ಟುಕೊಳ್ಳಲಿ. ಹರಿದ ಪುಸ್ತಕಗಳಿಗೆ ಅಂಟು ಹಚ್ಚಲು, ರಟ್ಟು ಕಟ್ಟಲು ಅವರಿಗೆ ಕಲಿಸೋಣ. ವರುಷಕ್ಕೆ ಹತ್ತು ಪುಸ್ತಕಗಳು ಸವೆದು ಹೋದರೆ, ಬಳಕೆಯಿಂದ ಸವೆದವೆಂದು ಬರೆದುಕೊಳ್ಳಲು ಆಡಳಿತ ಮಂಡಳಿಯವರು ಅನುಮತಿಯನ್ನು ಕೊಡಲಿ. ಸುಣ್ಣದ ಕಡ್ಡಿ ಸವೆದುದಕ್ಕೆ ನಾವು ಯಾರಲ್ಲಿಯೂ ಲೆಕ್ಕ ಕೇಳುವುದಿಲ್ಲವಷ್ಟೆ!

ಮನೆ ಮತ್ತು ಧರ್ಮಕೇಂದ್ರ

ಹೆತ್ತವರೇ, ಶಾಲೆಯ ಕೆಲಸ ಮನೆಯ ಬೆಂಬಲವಿಲ್ಲದೆ ನಿಲ್ಲದು. ಮೊಂತಿ ಹಬ್ಬದಂದು ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಕೊಂಡೊಯ್ಯುತ್ತೇವೆ. ಅದರ ಕಾಳುಗಳನ್ನು ಪಾಯಸಕ್ಕೋ ಹಾಲಿಗೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತೇವೆ. ಶಾಲೆಯಿಂದ ಮನೆಗೆ ಬರುವ ಪುಸ್ತಕವನ್ನೂ ಹಾಗೆಯೇ ಹಂಚಿಕೊಳ್ಳಬಹುದು. ಓದುಬರಹ ಬಾರದ ತಾಯಿಯೂ ಮಗುವಿನ ಓದಿಗೆ ನೆರವಾಗಬಲ್ಲಳು. 'ಮಗಾ, ಆ ಕಥೆಯನ್ನು ನನಗೊಮ್ಮೆ ಓದಿ ಹೇಳು' ಎಂದು ಕೇಳಿದರೆ ಸಾಕು. ತನ್ನ ಓದಿಗೆ ಕಿವಿಗೊಡುವವರಿದ್ದಾರೆ ಎಂಬ ತಿಳಿವಿಗಿಂತ ದೊಡ್ಡ ಬಹುಮಾನ ಮಗುವಿಗೆ ಬೇರೊಂದಿಲ್ಲ.

ಕೊಂಕಣಿ ಮನೆಗಳಿಗೆ ನಾವೊಂದು ವಿಶೇಷ ಮಾತನ್ನು ಹೇಳಬಯಸುತ್ತೇವೆ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದು ಅಚ್ಚು ಹಾಕಿಸುವ ಪರಂಪರೆ ನಮ್ಮ ಮಂಗಳೂರಿನದು. 1882ರಲ್ಲಿ ಕೊಡಿಯಾಲ್‌ಬೈಲಿನಲ್ಲಿ ಜೆಸ್ವಿತ್ ಗುರುಗಳ ಮುದ್ರಣಾಲಯ ಆರಂಭವಾಯಿತು. 1912ರಲ್ಲಿ 'ಕೊಂಕಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ಪತ್ರಿಕೆಗಳು ಹೊರಟವು. ಆದುದರಿಂದ ಶಾಲೆಯಲ್ಲಿ ಕನ್ನಡ ಅಕ್ಷರವನ್ನು ಕಲಿತ ಮಗು ತನ್ನ ಮಾತೃಭಾಷೆಯನ್ನೂ ಓದಬಲ್ಲದು. ಕಣ್ಣು ಮಂಜಾದ ಅಜ್ಜಿಗೆ ವಾರಪತ್ರಿಕೆಯನ್ನು ಓದಿ ಹೇಳಬಲ್ಲದು. ಒಂದೇ ಲಿಪಿಯಿಂದ ಎರಡು ಭಾಷೆಗಳ ಬಾಗಿಲು ತೆರೆಯುವ ಭಾಗ್ಯವಿದು. ಇಂಗ್ಲಿಷ್ ಮಾಧ್ಯಮದ ಉತ್ಸಾಹದಲ್ಲಿ ಮಕ್ಕಳು ಕನ್ನಡ ಅಕ್ಷರಗಳಿಗೆ ಅಪರಿಚಿತರಾದರೆ ಎರಡು ಬಾಗಿಲುಗಳೂ ಒಟ್ಟಿಗೆ ಮುಚ್ಚುತ್ತವೆ ಎಂಬುದನ್ನು ಮರೆಯದಿರೋಣ. ಇಂಗ್ಲಿಷನ್ನು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಆದರೆ ಯಾವ ಭಾಷೆಯಲ್ಲಿಯೂ ಒಂದು ಪುಸ್ತಕವನ್ನು ಸಂತೋಷದಿಂದ ಓದದ ಮಕ್ಕಳನ್ನು ಬೆಳೆಸಿ ಹೊರಗೆ ಕಳುಹಿಸುವುದು ಬೇಡ.

ಮೊಬೈಲು ಫೋನಿನ ಕುರಿತು ತಮ್ಮೆಲ್ಲರ ದೂರು ನಮಗೆ ಗೊತ್ತು. ಅದನ್ನು ಬೈಯುವುದರಲ್ಲಿ ಹೊತ್ತು ಕಳೆಯುವುದಕ್ಕಿಂತ, ಅದಕ್ಕೆ ಎದುರಾಗಿ ನಿಲ್ಲಬಲ್ಲ ಇನ್ನೊಂದು ಸಂತೋಷವನ್ನು ಮಗುವಿನ ಕೈಗೆ ಕೊಡುವುದು ಜಾಣತನ. ಅದೇ ಫೋನಿನಲ್ಲಿ 2015ರಿಂದ 'ಸ್ಟೋರಿವೀವರ್' ಎಂಬ ತಾಣದಲ್ಲಿ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ರಾತ್ರಿಯ ಜಪಸರದ ಅನಂತರ ಹತ್ತು ನಿಮಿಷ ಮನೆಯವರೆಲ್ಲ ಫೋನನ್ನು ಬದಿಗಿಟ್ಟು ಒಂದೊಂದು ಪುಸ್ತಕವನ್ನೋ ಪತ್ರಿಕೆಯನ್ನೋ ಹಿಡಿಯುವ ಪದ್ಧತಿಯನ್ನು ಆರಂಭಿಸಿದರೆ, ಮಕ್ಕಳಿಗೆ ಬೇರೆ ಉಪದೇಶ ಬೇಡ.

ಊರಿನ ಗ್ರಂಥಾಲಯವನ್ನೂ ಬಳಸೋಣ. ಕರ್ನಾಟಕ ಸರಕಾರದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮವನ್ನು ಆರಂಭಿಸಿ, 6ರಿಂದ 18 ವರುಷದ ಮಕ್ಕಳಿಗೆ ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವವನ್ನು ಒದಗಿಸಿತು. ಈ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆಂದು ಹೆಸರಾಗಿವೆ. ತಮ್ಮ ಮಗುವನ್ನು ಒಮ್ಮೆ ಕೈಹಿಡಿದು ಅಲ್ಲಿಗೆ ಕರೆದೊಯ್ದು ಹೆಸರು ಬರೆಸಿ ಎಂದು ಕೇಳಿಕೊಳ್ಳುತ್ತೇವೆ.

ಧರ್ಮಕೇಂದ್ರದ ಸಂಘಟನೆಗಳಿಗೂ ನಮ್ಮ ಬಿನ್ನಹವಿದೆ. ಪ್ರಥಮ ಪರಮಪ್ರಸಾದಕ್ಕೆ, ಹುಟ್ಟುಹಬ್ಬಕ್ಕೆ, ವಾರ್ಷಿಕ ಹಬ್ಬದ ಸ್ಪರ್ಧೆಗಳಿಗೆ ಸ್ಟೀಲಿನ ಲೋಟ ತಟ್ಟೆಗಳ ಬದಲು ಪುಸ್ತಕವನ್ನು ಉಡುಗೊರೆಯಾಗಿ ಕೊಡುವ ಪರಿಪಾಠ ಬೆಳೆಯಲಿ. ಹಾವೇರಿ ಸೀಮೆಯ ಗಳಗನಾಥರು (1869–1942) ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಕನ್ನಡಿಗರಿಗೆ ಓದಿನ ರುಚಿಯನ್ನು ಹತ್ತಿಸಿದರು. ನಮಗೆ ಅಷ್ಟು ಭಾರವನ್ನು ಹೊರಬೇಕಾಗಿಲ್ಲ. ಒಂದು ಮನೆಯಿಂದ ಒಂದು ಪುಸ್ತಕ ಬಂದರೂ ಶಾಲೆಯ ಪ್ರತಿಯೊಂದು ತರಗತಿಯ ಮೂಲೆಯಲ್ಲಿ ಒಂದು ತೆರೆದ ಕಪಾಟು ತುಂಬೀತು.

ಮಾನ್ಯರೇ, ಶತಮಾನೋತ್ಸವದ ನೆನಪಿಗೆ ಕಲ್ಲಿನ ಕಮಾನು, ಹೊಸ ಸಭಾಂಗಣ ಮುಂತಾದುವನ್ನು ಕಟ್ಟುವುದು ಯೋಗ್ಯವೇ. ಅವುಗಳ ಜೊತೆಗೆ ನಾವು ಬೇಡುವುದು ಅಲ್ಪ: ದಿನದಲ್ಲಿ ಇಪ್ಪತ್ತು ನಿಮಿಷದ ಮೌನ, ಮಗುವಿನ ಕೈಗೆಟಕುವ ಎತ್ತರದಲ್ಲಿ ಬೀಗವಿಲ್ಲದ ಕಪಾಟು, ಪುಸ್ತಕ ಸವೆಯಲು ಹಿರಿಯರ ಸಮ್ಮತಿ. ನೂರು ವರುಷಗಳ ಹಿಂದಿನ ಹಿರಿಯರು ಮಕ್ಕಳಿಗೆ ಅಕ್ಷರದ ಬಿತ್ತವನ್ನು ಕೊಟ್ಟರು. ಆ ಬಿತ್ತವನ್ನು ಕಣಜದಲ್ಲಿಡದೆ ಗದ್ದೆಗೆ ಚೆಲ್ಲುವ ಧೈರ್ಯ ನಮ್ಮದಾಗಲಿ. ನಮ್ಮ ಶಾಲೆಯಿಂದ ಹೊರಡುವ ಪ್ರತಿಯೊಂದು ಮಗುವೂ, ಅಂಕಪಟ್ಟಿಯಲ್ಲಿ ಏನೇ ಇರಲಿ, ತಾನು ಮೆಚ್ಚಿ ಓದಿದ ಹತ್ತು ಪುಸ್ತಕಗಳ ಹೆಸರನ್ನು ಹೇಳುವಂತಾಗಲಿ ಎಂದು ಹಾರೈಸುತ್ತೇವೆ.